ನಾನು ಬಿಟ್ಟ ಮೇಲೆ ಈ ಲೈಬ್ರರಿಯನ್ನು ಯಾರ ಕೈಗೆ ಒಪ್ಪಿಸಲಿ?

ಪ್ರಶ್ನೆ: ಹಳೇಅಚ್ಚು

ಎಲ್ಲರಿಗೂ ನಮಸ್ಕಾರ.

ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದಲ್ಲಿರುವ ಕನ್ನಡ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಒಂದು ಸಣ್ಣ ಪೈಥಾನ್ ಲೈಬ್ರರಿಯನ್ನು (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡು) ಒಂಬತ್ತು ವರ್ಷಗಳಿಂದ ಒಬ್ಬನೇ ನೋಡಿಕೊಂಡು ಬಂದಿದ್ದೇನೆ. ಬಳಸುವವರು ಹೆಚ್ಚಿಲ್ಲ. ಪೇಜ್‌ಮೇಕರ್‌ನಲ್ಲಿ ಕಟ್ಟಿಟ್ಟ ಪುಸ್ತಕಗಳನ್ನು ಮರುಮುದ್ರಿಸಲು ಹೊರಟ ಸಣ್ಣ ಪ್ರಕಾಶಕರು, ಹಳೆಯ ಸಂಚಿಕೆಗಳನ್ನು ಜಾಲತಾಣಕ್ಕೆ ಏರಿಸುವ ಪತ್ರಿಕೆಯವರು, ಪಿಎಚ್‌ಡಿ ವಿದ್ಯಾರ್ಥಿಗಳು, ಇಷ್ಟೇ. ಆದರೆ ಇವರಲ್ಲಿ ಯಾರಿಗಾದರೂ ಒಂದು ಪದ ತಪ್ಪಾಗಿ ಬಂದರೆ ಅದು ಅಚ್ಚಾಗಿ ಅಂಗಡಿಗೆ ಹೋಗಿಬಿಡುತ್ತದೆ. ಈಚೆಗೆ ನನ್ನ ಉದ್ಯೋಗ ಬದಲಾಗಿದ್ದು, ವಾರಕ್ಕೆ ಎರಡು ಗಂಟೆಯನ್ನೂ ಇದಕ್ಕೆ ಕೊಡಲಾಗುತ್ತಿಲ್ಲ. ಬೇರೆಯವರಿಗೆ ಒಪ್ಪಿಸಬೇಕೆಂದು ತೀರ್ಮಾನಿಸಿದ್ದೇನೆ.

ಕಣ್ಣ ಮುಂದೆ ಇಬ್ಬರಿದ್ದಾರೆ. ಮೊದಲನೆಯವರು ನಾಲ್ಕು ತಿಂಗಳ ಹಿಂದೆ ಬಂದು ಅರ್ಧ ಕೋಡನ್ನು ಹೊಸದಾಗಿ ಬರೆದು ವೇಗವನ್ನು ಹಲವು ಪಟ್ಟು ಹೆಚ್ಚಿಸಿದರು. ಪ್ರತಿಭಾವಂತರು, ಅದರಲ್ಲಿ ಎರಡು ಮಾತಿಲ್ಲ. ಸೇರಿಸಿಕೊಳ್ಳಿ ಎಂದು ಅವರು ಕಳಿಸಿದ ಆ ತಿದ್ದುಪಡಿಯಲ್ಲಿ, ಅಂದರೆ ಪುಲ್ ರಿಕ್ವೆಸ್ಟ್‌ನಲ್ಲಿ ಒಂದು ದೋಷವಿತ್ತು. ಹಳೆಯ ಸಂಕೇತದಲ್ಲಿ ‘ಸೂರ್ಯ’ ಎಂದು ಬರೆದಾಗ ಅರ್ಕಾವತ್ತಿನ ಚಿಹ್ನೆ ಯಕಾರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮತ್ತು ಹಲಂತಗಳು ಯಕಾರಕ್ಕಿಂತ ಮೊದಲು ಬರಬೇಕು. ‘ರ‍್ಯಾಂಕ್’ ಎಂಬಲ್ಲಿ ಹಾಗಲ್ಲ. ಅಲ್ಲಿ ಪೂರ್ಣ ರಕಾರವಿದ್ದು ಯ ಒತ್ತಾಗಿರುವುದರಿಂದ, ರಕಾರದ ಬೆನ್ನಿಗೇ ಕಣ್ಣಿಗೆ ಕಾಣದ ಒಂದು ಜೋಡಕ ಸೇರಬೇಕು. ಅವರ ಕೋಡಿನಲ್ಲಿ ಆ ಜೋಡಕ ಬಿಟ್ಟುಹೋಗಿ, ಎಲ್ಲ ‘ರ‍್ಯಾಂಕ್’ಗಳೂ ‘ರ್ಯಾಂಕ್’ ಆಗಿದ್ದವು. ತೋರಿಸಿದ ರಾತ್ರಿಯೇ ಸರಿಪಡಿಸಿದರು. ಆದರೆ ಅಂದಿನಿಂದ ತಿಂಗಳಿಗೆರಡು ಬಾರಿ, ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಪೈಪಿಐಯಲ್ಲಿ ಬಿಡುಗಡೆ ಮಾಡುವ ಹಕ್ಕನ್ನು ತಮಗೂ ಕೊಡಬೇಕೆಂದು ಕೇಳುತ್ತಿದ್ದಾರೆ.

ಎರಡನೆಯವರೇ ಆ ದೋಷವನ್ನು ಹಿಡಿದವರು. ಮೂರು ವರ್ಷಗಳಲ್ಲಿ ಅವರು ಬರೆದ ಕೋಡು ಇನ್ನೂರು ಸಾಲು ದಾಟಲಿಕ್ಕಿಲ್ಲ. ಆದರೆ ಹಳೆಯ ಸಂಚಿಕೆಗಳಿಂದ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಹೆಕ್ಕಿ, ಒಂದೊಂದಕ್ಕೂ ಸರಿಯುತ್ತರ ಬರೆದು ಪರೀಕ್ಷೆಯ ಕಡತವೊಂದನ್ನು ಕಟ್ಟಿದ್ದಾರೆ. ಪ್ರಶ್ನೆ ಕೇಳಿದ ಪ್ರಕಾಶಕರಿಗೆ ನನಗಿಂತ ಮೊದಲೇ ಉತ್ತರಿಸಿರುತ್ತಾರೆ. ಅವರು ಈವರೆಗೆ ಏನನ್ನೂ ಕೇಳಿಲ್ಲ.

ಈ ನಡುವೆ, ಹಿಂದೆಂದೂ ಕಾಣಿಸಿಕೊಳ್ಳದ ಒಬ್ಬ ಬಳಕೆದಾರರು ‘ನಿಮಗೆ ಸಮಯವಿಲ್ಲದಿದ್ದರೆ ಕೆಲಸ ಮಾಡುವವರಿಗೆ ಬಿಟ್ಟುಕೊಡಿ’ ಎಂದು ಬರೆದಿದ್ದಾರೆ. ಓದಿ ಬೇಸರವಾಯಿತು, ನಿಜವೂ ಅನ್ನಿಸಿತು.

ಇಬ್ಬರಲ್ಲಿ ಯಾರನ್ನು ಆರಿಸಿಕೊಳ್ಳುವುದು ಸರಿ? ಆರಿಸಿದ ಮೇಲೆ ಯಾವ ಯಾವ ಹಕ್ಕನ್ನು ಯಾವಾಗ ಕೊಡಬೇಕು? ಇಂಥ ಹಸ್ತಾಂತರ ಮಾಡಿದವರು ಅಥವಾ ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ.

ಉತ್ತರ 1: ಗೂಡುಗುಬ್ಬಿ

ನಮಸ್ಕಾರ. ನೀವು ಕೊನೆಗೆ ಹೇಳಿದ ಆ ಬಳಕೆದಾರರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ‘ಕೆಲಸ ಮಾಡುವವರಿಗೆ ಬಿಟ್ಟುಕೊಡಿ’ ಎಂಬ ಮಾತನ್ನು ಈ ಹಿಂದೆ ಮತ್ತೊಬ್ಬರೂ ಕೇಳಿಸಿಕೊಂಡಿದ್ದರು.

ಲಿನಕ್ಸ್ ವ್ಯವಸ್ಥೆಗಳಲ್ಲಿ ಕಡತಗಳನ್ನು ಕುಗ್ಗಿಸಲು ಬಳಕೆಯಾಗುವ ಎಕ್ಸ್‌ಝಡ್ ಎಂಬ ಯೋಜನೆಯನ್ನು ಲಾಸೆ ಕಾಲಿನ್ ಎಂಬುವರು ಬಹುಕಾಲ ಬಹುಪಾಲು ಒಬ್ಬರೇ ನಡೆಸಿಕೊಂಡು ಬಂದಿದ್ದರು. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಅಲ್ಲಿಗೆ ಬಂದರು. 2022ರಲ್ಲಿ, ಅದಕ್ಕೆ ಮುಂಚೆ ಯಾರೂ ಕೇಳಿರದ ಒಂದೆರಡು ಹೆಸರುಗಳಿಂದ, ಕೆಲಸ ನಿಧಾನವಾಗುತ್ತಿದೆ, ಹೊಸ ನಿರ್ವಾಹಕರನ್ನು ತನ್ನಿ ಎಂಬ ಒತ್ತಾಯದ ಪತ್ರಗಳು ಬರತೊಡಗಿದವು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಕಾಲಿನ್ ನೆನಪಿಸಬೇಕಾಯಿತು. ಕ್ರಮೇಣ ಜಿಯಾ ಟಾನ್ ಸಹನಿರ್ವಾಹಕರಾಗಿ, ಬಿಡುಗಡೆ ಮಾಡುವ ಅಧಿಕಾರವನ್ನೂ ಪಡೆದರು. 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಂದ 5.6.0 ಹಾಗೂ 5.6.1 ಆವೃತ್ತಿಗಳಲ್ಲಿ, ಹೊರಗಿನವರನ್ನು ಗುಟ್ಟಾಗಿ ಯಂತ್ರದೊಳಕ್ಕೆ ಬಿಡುವ ಹಿಂಬಾಗಿಲು ಸೇರಿತ್ತು. ಅದನ್ನು ಪತ್ತೆಹಚ್ಚಿ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದ ಆಂಡ್ರೆಸ್ ಫ್ರಾಯ್ಂಡ್ ಅವರು ಭದ್ರತಾ ತಜ್ಞರೇನೂ ಅಲ್ಲ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕೆಲಸ ಮಾಡುವವರು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದ್ದುದು ಏಕೆಂದು ಕೆದಕುತ್ತಾ ಹೋದವರಿಗೆ ಇದು ಸಿಕ್ಕಿತು. ನಾವೆಲ್ಲ ‘ನೆಟ್ ಸ್ಲೋ’ ಎಂದು ಬಿಟ್ಟುಬಿಡುತ್ತಿದ್ದೆವು.

ನಿಮ್ಮ ಮೊದಲನೆಯ ಅಭ್ಯರ್ಥಿಯನ್ನು ಸಂಶಯಿಸಿ ಎಂದು ನಾನು ಹೇಳುತ್ತಿಲ್ಲ. ಅವಸರಪಡುವವರೆಲ್ಲ ಕಳ್ಳರಲ್ಲ, ಮೇಲಾಗಿ ಜಿಯಾ ಟಾನ್ ಅವಸರಪಡಲೇ ಇಲ್ಲ, ಎರಡು ವರ್ಷಕ್ಕೂ ಮಿಕ್ಕಿ ತಾಳ್ಮೆಯಿಂದ ಒಳ್ಳೆಯ ಕೆಲಸವನ್ನೇ ಮಾಡಿದರು. ಆದ್ದರಿಂದ ‘ಒಳ್ಳೆಯವರನ್ನು ಗುರುತಿಸುವುದು ಹೇಗೆ’ ಎಂಬ ಪ್ರಶ್ನೆಗೆ ಆ ಪ್ರಕರಣದಲ್ಲಿ ಉತ್ತರವಿಲ್ಲ. ಅಲ್ಲಿ ನಾವು ಗಮನಿಸಬೇಕಾದುದು ಬೇರೆ. ಹಿಂಬಾಗಿಲಿನ ಮುಖ್ಯಭಾಗ ಪರೀಕ್ಷೆಯ ಕಡತಗಳಲ್ಲಿ ಅಡಗಿತ್ತು, ಆದರೆ ಅದನ್ನು ಹೊರತೆಗೆದು ಜೋಡಿಸುವ ತುಣುಕು, ಕೋಡಿನ ಎಲ್ಲ ಬದಲಾವಣೆಗಳನ್ನೂ ದಾಖಲಿಸಿಡುವ ಗಿಟ್ ರೆಪೊಸಿಟರಿಯಲ್ಲಿ ಇರಲೇ ಇಲ್ಲ. ಬಿಡುಗಡೆಗಾಗಿ ಪ್ರತ್ಯೇಕವಾಗಿ ಕಟ್ಟಿದ ಸಂಕುಚಿತ ಕಡತದಲ್ಲಿ ಮಾತ್ರ ಇತ್ತು. ಎಲ್ಲರಿಗೂ ಕಾಣುವ ಕೋಡು ಒಂದು, ಬಳಕೆದಾರರ ಕೈಸೇರಿದ ಕೋಡು ಇನ್ನೊಂದು.

ಹಾಗಾಗಿ ‘ನಿರ್ವಾಹಕ’ ಎಂಬುದನ್ನು ಒಂದೇ ಪದವಿಯಾಗಿ ನೋಡಬೇಡಿ. ಇಶ್ಯೂಗಳಿಗೆ (ಬಳಕೆದಾರರ ದೂರು, ಪ್ರಶ್ನೆಗಳಿಗೆ) ಉತ್ತರಿಸಿ ಮುಚ್ಚುವ ಹಕ್ಕನ್ನು ಇವತ್ತೇ ಕೊಡಬಹುದು, ತಪ್ಪಾದರೆ ಮತ್ತೆ ತೆರೆದರಾಯಿತು. ಮರ್ಜ್ ಮಾಡುವ, ಅಂದರೆ ತಿದ್ದುಪಡಿಯನ್ನು ಮೂಲ ಕೋಡಿಗೆ ಸೇರಿಸುವ ಹಕ್ಕು ಅದಕ್ಕಿಂತ ಭಾರವಾದದ್ದು, ಆದರೂ ಗಿಟ್‌ನಲ್ಲಿ ಹಿಂದಕ್ಕೆ ಹೋಗಬಹುದು. ಬಿಡುಗಡೆಯ ಹಕ್ಕು ಹಾಗಲ್ಲ; ಪೈಪಿಐಗೆ ಹೋದ ಆವೃತ್ತಿ ಕೆಲವೇ ನಿಮಿಷಗಳಲ್ಲಿ ಯಾರದೋ ಯಂತ್ರದಲ್ಲಿ ಓಡುತ್ತಿರುತ್ತದೆ. ಪೈಪಿಐ 2023ರಲ್ಲಿ ತಂದ ‘ಟ್ರಸ್ಟೆಡ್ ಪಬ್ಲಿಷಿಂಗ್’ ವ್ಯವಸ್ಥೆಯನ್ನು ಬಳಸಿದರೆ ಬಿಡುಗಡೆಯ ಕೀಲಿಯನ್ನು ಯಾರೂ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳಬೇಕಿಲ್ಲ. ರೆಪೊಸಿಟರಿಯಲ್ಲಿ ಇರುವ ಕೋಡಿನಿಂದಲೇ ಪ್ಯಾಕೇಜು ಕಟ್ಟಿಕೊಂಡು ಹೋಗುತ್ತದೆ, ಅಲ್ಪಾವಧಿಯ ಟೋಕನ್ ತಾನಾಗಿಯೇ ಸಿಗುತ್ತದೆ. ಒಬ್ಬರು ಹೊರಡಿಸಿದ ಬಿಡುಗಡೆಗೆ ಇನ್ನೊಬ್ಬರು ಒಪ್ಪಿಗೆ ಕೊಟ್ಟರೆ ಮಾತ್ರ ಅದು ಮುಂದೆ ಹೋಗುವಂತೆ ಗಿಟ್‌ಹಬ್‌ನಲ್ಲಿ ಕಟ್ಟಲೂಬಹುದು. ಇಷ್ಟು ಮಾಡಿದಿರಾದರೆ ಆಯ್ಕೆಯ ತಪ್ಪೊಂದು ನಿಮ್ಮ ಬಳಕೆದಾರರ ತಲೆಯ ಮೇಲೆ ನೇರವಾಗಿ ಬೀಳುವುದಿಲ್ಲ.

ಯಾರನ್ನು ಎಂಬುದಕ್ಕೆ ನನ್ನ ಉತ್ತರ: ಎರಡನೆಯವರನ್ನು. ಕೋಡು ಬರೆಯುವುದಕ್ಕೆ ನಿರ್ವಾಹಕರೇ ಆಗಬೇಕಿಲ್ಲ, ಮೊದಲನೆಯವರು ಈಗಲೂ ಬರೆಯುತ್ತಿದ್ದಾರಲ್ಲ. ನಿರ್ವಾಹಕರ ಕೆಲಸ ಬೇರೆಯವರು ಬರೆದದ್ದನ್ನು ಓದಿ, ‘ಇದು ಬೇಡ, ಕಾರಣ ಇದು’ ಎಂದು ಮನಸ್ಸು ನೋಯದಂತೆ ಹೇಳುವುದು. ಆ ‘ರ‍್ಯಾಂಕ್’ ಪ್ರಸಂಗದಲ್ಲಿ ಅದನ್ನು ಮಾಡಿದವರು ಯಾರು ಎಂದು ನೀವೇ ಬರೆದಿದ್ದೀರಿ.

ಉತ್ತರ 2: ಸಂತೆಪೇಟೆ

ಗೂಡುಗುಬ್ಬಿಯವರ ಮಾತಿಗೆ ಅರ್ಧ ಒಪ್ಪಿಗೆ, ಅರ್ಧ ತಕರಾರು.

ಎಕ್ಸ್‌ಝಡ್ ಪ್ರಕರಣವಾದ ಮೇಲೆ ಸ್ವಯಂಸೇವಕರ ಆಯ್ಕೆಯ ಮಾತು ಬಂದಾಗಲೆಲ್ಲ ಹಗ್ಗವನ್ನೂ ಹಾವೆನ್ನುವ ರೂಢಿಯಾಗಿದೆ. ಅಪಾಯ ಇಲ್ಲವೆಂದಲ್ಲ. 2018ರಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನ ಈವೆಂಟ್-ಸ್ಟ್ರೀಮ್ ಎಂಬ ಜನಪ್ರಿಯ ಲೈಬ್ರರಿಯನ್ನು, ತಾನು ಬಳಸುವುದನ್ನೇ ಬಿಟ್ಟಿದ್ದ ಅದರ ಕರ್ತೃ, ‘ನಾನು ನೋಡಿಕೊಳ್ಳುತ್ತೇನೆ’ ಎಂದು ಪತ್ರ ಬರೆದ ಅಪರಿಚಿತರಿಗೆ ಒಪ್ಪಿಸಿದ್ದೂ, ಆ ಅಪರಿಚಿತರು ಅದರೊಳಕ್ಕೆ ಬಿಟ್‌ಕಾಯಿನ್ ಕದಿಯುವ ಅವಲಂಬನೆಯೊಂದನ್ನು (ಲೈಬ್ರರಿ ತಾನು ಬಳಸುವ ಬೇರೊಂದು ಪ್ಯಾಕೇಜನ್ನು) ತೂರಿಸಿದ್ದೂ ನಿಜ. ಆದರೆ ಕಳ್ಳರ ಕೈಗೆ ಸಿಕ್ಕಿ ಕೆಟ್ಟ ಲೈಬ್ರರಿಗಳನ್ನು ಬೆರಳಲ್ಲಿ ಎಣಿಸಬಹುದು. ಯಾರ ಕೈಗೂ ಸಿಗದೆ ಬತ್ತಿಹೋದ ಲೈಬ್ರರಿಗಳಿಗೆ ಲೆಕ್ಕವಿಲ್ಲ. ಕನ್ನಡದ ಮಟ್ಟಿಗಂತೂ ಎರಡನೆಯದೇ ನಮ್ಮ ಕಾಯಿಲೆ. ಯಾವುದೋ ಉತ್ಸಾಹಿ ಪದಪರೀಕ್ಷಕವನ್ನೋ ಕೀಲಿಮಣೆಯನ್ನೋ ಮಾಡಿಡುತ್ತಾರೆ, ಮದುವೆಯಾಗುತ್ತಾರೆ ಅಥವಾ ವಿದೇಶಕ್ಕೆ ಹೋಗುತ್ತಾರೆ, ಮುಂದಿನ ಪೈಥಾನ್ ಆವೃತ್ತಿ ಬಂದೊಡನೆ ಅದು ನಿಂತುಹೋಗುತ್ತದೆ.

ದೊಡ್ಡ ಸಮುದಾಯಗಳು ಕೂಡ ಅತಿಯಾದ ಬಿಗಿಯಿಂದ ಪಾಠ ಕಲಿತಿವೆ. ಜಾಲತಾಣ ಕಟ್ಟಲು ಬಳಸುವ ಜ್ಯಾಂಗೊ ಯೋಜನೆಯಲ್ಲಿ ‘ಕೋರ್’ ತಂಡ ಎಂಬುದೊಂದಿತ್ತು. ಅದರೊಳಗೆ ಸೇರುವುದು ಎಷ್ಟು ದೊಡ್ಡ ಗೌರವವಾಯಿತೆಂದರೆ, ಹೊಸಬರು ಸೇರುವುದೇ ನಿಂತಿತು, ಹಳಬರು ಕೆಲಸ ನಿಲ್ಲಿಸಿದ ಮೇಲೂ ಹೆಸರು ಉಳಿಯಿತು. 2020ರಲ್ಲಿ ಆ ತಂಡವನ್ನೇ ವಿಸರ್ಜಿಸಿ, ಮರ್ಜ್ ಮಾಡುವವರು, ಬಿಡುಗಡೆ ಮಾಡುವವರು ಎಂದು ಕೆಲಸದ ಹೆಸರಿನ ಚಿಕ್ಕ ಪಾತ್ರಗಳನ್ನು ಮಾಡಿಕೊಂಡರು. (ಹಕ್ಕುಗಳನ್ನು ಬಿಡಿಸಿ ಕೊಡಿ ಎಂಬ ಗೂಡುಗುಬ್ಬಿಯವರ ಸಲಹೆಗೆ ಇದು ಬೆಂಬಲವೇ ಹೌದು, ಒಪ್ಪಿಕೊಳ್ಳುತ್ತೇನೆ.) 2015ರಲ್ಲಿ ಆರಂಭವಾದ ಜಾಝ್‌ಬ್ಯಾಂಡ್ ಎಂಬ ಪೈಥಾನ್ ಬಳಗ ಇನ್ನೂ ಮುಂದೆ ಹೋಗಿ, ಸದಸ್ಯರಾದವರೆಲ್ಲರಿಗೂ ಬಳಗದ ಯೋಜನೆಗಳಲ್ಲಿ ಬರೆಯುವ ಹಕ್ಕು ಎಂಬ ನಿಯಮವನ್ನೇ ಇಟ್ಟುಕೊಂಡಿತು.

ಅಪಾಚೆ ಪ್ರತಿಷ್ಠಾನದಲ್ಲಿ ಮತದಾನದಿಂದ, ಕೋಡು ಸೇರಿಸುವ ಹಕ್ಕುಳ್ಳ ಕಮಿಟರ್‌ಗಳನ್ನು ಆರಿಸುತ್ತಾರೆ, ಲಿನಕ್ಸ್ ವಿತರಣೆಯಾದ ಡೆಬಿಯನ್‌ನಲ್ಲಿ ಹೊಸ ಸದಸ್ಯರ ಗುರುತು, ತಿಳಿವಳಿಕೆ, ಕೆಲಸ ಎಲ್ಲವನ್ನೂ ಪರೀಕ್ಷಿಸುತ್ತಾರೆ, ಪೈಥಾನ್ ಭಾಷೆಗೆ 2018ರಲ್ಲಿ ಅದರ ಕರ್ತೃ ಗೀಡೊ ವಾನ್ ರೊಸಮ್ ಹಿಂದೆ ಸರಿದ ಮೇಲೆ ಐವರ ಚುನಾಯಿತ ಮಂಡಳಿ ಬಂತು. ಇವೆಲ್ಲ ಊರಿಗೆ ಬೇಕಾದ ವ್ಯವಸ್ಥೆಗಳು. ಮೂರು ಜನರ ಮನೆಗೆ ಗ್ರಾಮ ಪಂಚಾಯಿತಿ ಚುನಾವಣೆ ಬೇಡ.

ನನ್ನ ಸಲಹೆ, ಇಬ್ಬರನ್ನೂ ಸೇರಿಸಿಕೊಳ್ಳಿ. ಮೊದಲನೆಯವರು ತಿಂಗಳಿಗೆರಡು ಬಾರಿ ಕೇಳುತ್ತಿರುವುದು ಅವರ ಉತ್ಸಾಹದ ಗುರುತೂ ಆಗಿರಬಹುದು. ನೇರವಾಗಿ ಕೇಳಿ: ಬಿಡುಗಡೆಯ ಹಕ್ಕು ಏಕೆ ಬೇಕು? ‘ನನ್ನ ತಿದ್ದುಪಡಿ ಎರಡು ತಿಂಗಳಾದರೂ ಬಳಕೆದಾರರಿಗೆ ತಲುಪಿಲ್ಲ’ ಎಂದರೆ ಆ ದೂರು ನ್ಯಾಯವಾದದ್ದು, ತಪ್ಪು ನಿಮ್ಮದು. ಅವರು ಹೊರಟುಹೋದರೆ ಆ ವೇಗದ ಕೋಡನ್ನು ಮುಂದೆ ಓದಿ ಅರ್ಥಮಾಡಿಕೊಳ್ಳುವವರು ಯಾರು?

ಉತ್ತರ 3: ಕೈಮರ

ಚಿಕ್ಕದೊಂದು ಮಾತು ಸೇರಿಸುತ್ತೇನೆ. ಯಾರನ್ನೇ ಆರಿಸಿ, ಅದಕ್ಕೂ ಮುನ್ನ ನಿಮ್ಮ ಪೈಪಿಐ ಖಾತೆಗೆ ಜೋಡಿಸಿದ ಇಮೇಲ್ ಯಾವುದೆಂದು ನೋಡಿಕೊಳ್ಳಿ. 2022ರಲ್ಲಿ ಸಿಟಿಎಕ್ಸ್ ಎಂಬ ಹಳೆಯ ಪ್ಯಾಕೇಜಿನ ಒಡೆಯರ ಇಮೇಲ್ ಇದ್ದ ಡೊಮೇನ್ ಅವಧಿ ಮುಗಿದಿತ್ತು. ಬೇರೊಬ್ಬರು ಅದೇ ಡೊಮೇನ್ ಕೊಂಡು, ಪಾಸ್‌ವರ್ಡ್ ಬದಲಿಸಿ, ಪ್ಯಾಕೇಜನ್ನೇ ವಶಪಡಿಸಿಕೊಂಡರು. ಅಲ್ಲಿ ಯಾರೂ ಯಾರನ್ನೂ ಆರಿಸಿರಲಿಲ್ಲ. 2024ರ ಆರಂಭದಿಂದ ಪೈಪಿಐಯಲ್ಲಿ ಎರಡು ಹಂತದ ದೃಢೀಕರಣ ಎಲ್ಲರಿಗೂ ಕಡ್ಡಾಯವಾಗಿದೆ, ಆದರೆ ರಿಕವರಿ ಕೋಡ್‌ಗಳನ್ನು ಎಲ್ಲಿಟ್ಟಿದ್ದೀರಿ ಎಂಬುದು ನಿಮಗೊಬ್ಬರಿಗೇ ಗೊತ್ತಿದ್ದರೆ ನಾಳೆ ಕಷ್ಟ. ಒಡೆಯರಾಗಿ ಇಬ್ಬರಿರುವುದು ಕ್ಷೇಮ.

ಉತ್ತರ 4: ನೇರಳೆಮರ

ಇಲ್ಲಿಯವರೆಗಿನ ಉತ್ತರಗಳೆಲ್ಲ ಆರಿಸುವವರ ಕಡೆಯಿಂದ ಬಂದಿವೆ. ನಾನು ಆಯ್ಕೆಯಾದವಳು, ಹಾಗಾಗಿ ಆ ಕಡೆಯ ಮಾತನ್ನು ಹೇಳಬೇಕೆನ್ನಿಸಿತು.

ಕೆಲವು ವರ್ಷಗಳ ಹಿಂದೆ ಒಂದು ಲೈಬ್ರರಿಗೆ (ಹೆಸರು ಬೇಡ) ದಸ್ತಾವೇಜು ತಿದ್ದುತ್ತಿದ್ದೆ. ಒಂದು ಬೆಳಿಗ್ಗೆ ಗಿಟ್‌ಹಬ್‌ನಿಂದ ‘ನಿಮ್ಮನ್ನು ಸಹಯೋಗಿಯಾಗಿ ಆಹ್ವಾನಿಸಲಾಗಿದೆ’ ಎಂಬ ಸ್ವಯಂಚಾಲಿತ ಸಂದೇಶ ಬಂದಿತ್ತು. ಜೊತೆಗೆ ಒಂದು ಸಾಲಿನ ಪತ್ರವೂ ಇರಲಿಲ್ಲ. ಖುಷಿಯಿಂದ ಒಪ್ಪಿಕೊಂಡೆ. ನಾನು ಏನನ್ನು ತೀರ್ಮಾನಿಸಬಹುದು, ಯಾವುದಕ್ಕೆ ಕೇಳಬೇಕು, ವಾರಕ್ಕೆ ಎಷ್ಟು ಹೊತ್ತಿನ ನಿರೀಕ್ಷೆ, ಬೇಡವಾದಾಗ ಬಿಡುವುದು ಹೇಗೆ, ಒಂದನ್ನೂ ಯಾರೂ ಹೇಳಲಿಲ್ಲ. ನನ್ನನ್ನು ಸೇರಿಸಿದವರು ಮೂರನೆಯ ವಾರದಿಂದ ಕಾಣೆಯಾದರು. ನಾನು ಮರ್ಜ್ ಮಾಡಿದ ಒಂದು ತಿದ್ದುಪಡಿಯಿಂದ ಕೆಲವರ ಪ್ರೋಗ್ರಾಂ ಮುರಿದಾಗ, ಬಂದ ಬೈಗುಳವೆಲ್ಲ ನನ್ನ ಹೆಸರಿಗೇ ಬಂತು. ಒಂದು ವರ್ಷ ತಡೆದುಕೊಂಡು ಬಿಟ್ಟೆ. ಅದು ನಿರ್ವಾಹಕರ ಆಯ್ಕೆಯಾಗಿರಲಿಲ್ಲ; ಸಂತೆಯಲ್ಲಿ ‘ಸ್ವಲ್ಪ ಈ ಚೀಲ ಹಿಡ್ಕೊಂಡಿರಿ’ ಎಂದು ಕೊಟ್ಟು ಬಸ್ಸು ಹತ್ತಿದ ಹಾಗಾಗಿತ್ತು.

ಆದ್ದರಿಂದ ನಿಮ್ಮ ಇಬ್ಬರಲ್ಲಿ ಯಾರು ಯೋಗ್ಯರೆಂದು ಇಲ್ಲಿ ನಾವೆಲ್ಲ ತೂಗುವ ಮೊದಲು, ಎರಡನೆಯವರನ್ನು ನೀವು ಕೇಳಿದ್ದೀರಾ? ‘ಅವರು ಏನನ್ನೂ ಕೇಳಿಲ್ಲ’ ಎಂದು ಬರೆದಿದ್ದೀರಿ. ಕೆಲವರು ಎಂದಿಗೂ ಕೇಳುವುದಿಲ್ಲ. ನಾನೂ ಕೇಳುತ್ತಿರಲಿಲ್ಲ, ಇನ್ನೂರು ಸಾಲು ಬರೆದವಳಿಗೆ ಕೇಳುವ ಅರ್ಹತೆ ಎಲ್ಲಿದೆ ಎಂದುಕೊಂಡಿರುತ್ತಿದ್ದೆ. ಕೇಳಿದವರಿಗಷ್ಟೇ ಕೊಡುವ ಪದ್ಧತಿಯಲ್ಲಿ ಆಯ್ಕೆಯಾಗುವುದು ಕೇಳುವ ಧೈರ್ಯ, ಕೆಲಸವಲ್ಲ. ಹಾಗೆಯೇ, ಅವರು ಬೇಡವೆನ್ನಬಹುದೆಂಬುದಕ್ಕೂ ಸಿದ್ಧರಾಗಿರಿ. ಪರೀಕ್ಷೆಯ ಕಡತ ಕಟ್ಟುವುದು ಅವರಿಗೆ ಇಷ್ಟವಾಗಿರಬಹುದು, ಜನರೊಂದಿಗೆ ವಾದಿಸುವುದು ಇಷ್ಟವಾಗದಿರಬಹುದು.

ಕೇಳುವಾಗ ಪತ್ರ ಬರೆಯಿರಿ, ಬಟನ್ ಒತ್ತಬೇಡಿ. ಯಾವ ಹಕ್ಕು, ಯಾವ ಕೆಲಸ, ಎಷ್ಟು ಕಾಲ ಎಂದು ಸ್ಪಷ್ಟವಾಗಿರಲಿ. ಒಂದು ವರ್ಷ ಎಂದು ಅವಧಿ ಹಾಕಿ, ಆಮೇಲೆ ಮುಂದುವರಿಸುವುದು ಅವರ ಇಚ್ಛೆಗಿರಲಿ. ಹೊರಹೋಗುವ ದಾರಿ ಕಂಡರೆ ಒಳಬರಲು ಜನ ಹೆದರುವುದಿಲ್ಲ. ಅವರು ಕಂಪನಿಯ ಉದ್ಯೋಗಿಯಾಗಿದ್ದರೆ, ಹೊರಗಿನ ಕೋಡು ಬರೆಯಲು ಉದ್ಯೋಗ ಒಪ್ಪಂದದಲ್ಲಿ ಅನುಮತಿ ಬೇಕೇ ಎಂದು ವಿಚಾರಿಸಿಕೊಳ್ಳಲು ಹೇಳಿ. ನಮ್ಮಲ್ಲಿ ಎಷ್ಟೋ ಜನ ಆ ಕಾಗದವನ್ನು ಓದದೆಯೇ ಸಹಿ ಹಾಕಿರುತ್ತಾರೆ.

ಇನ್ನೊಂದು, ಸಂತೆಪೇಟೆಯವರು ಹೇಳಿದ ‘ಬತ್ತಿಹೋಗುವ’ ಭಯದ ಬಗ್ಗೆ. ಯಾರೂ ಸಿಗದಿದ್ದರೆ ಹಾಗೆಂದು ಬರೆದುಬಿಡುವುದರಲ್ಲಿ ಅವಮಾನವಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಮೇಂಟೇನರ್ಸ್ ಕಡತದಲ್ಲಿ ಪ್ರತಿ ಭಾಗದ ಸ್ಥಿತಿಯನ್ನೂ ನಮೂದಿಸುತ್ತಾರೆ: ಸಂಬಳ ಪಡೆದು ನೋಡಿಕೊಳ್ಳುವವರಿದ್ದರೆ ಒಂದು ಪದ, ಸುಮ್ಮನೆ ನೋಡಿಕೊಳ್ಳುವವರಿದ್ದರೆ ಇನ್ನೊಂದು, ಆಗಾಗ ಮಾತ್ರ ಕೈಹಾಕುವವರಿದ್ದರೆ ಮತ್ತೊಂದು, ಯಾರೂ ಇಲ್ಲದಿದ್ದರೆ ‘ಅನಾಥ’ ಎಂದೇ ಬರೆಯುತ್ತಾರೆ. ಪ್ರೋಗ್ರಾಮಿಂಗ್ ಭಾಷೆಯಾದ ಪರ್ಲ್‌ನವರಲ್ಲಿ ‘ದತ್ತು ತೆಗೆದುಕೊಳ್ಳಿ’ ಎಂಬ ಅರ್ಥದ ಒಂದು ಖಾತೆಯೇ ಇದೆ, ಆ ಹೆಸರನ್ನು ಸಹನಿರ್ವಾಹಕರ ಪಟ್ಟಿಯಲ್ಲಿ ಕಂಡವರಿಗೆ ಈ ಮಾಡ್ಯೂಲ್‌ಗೆ ಆಳು ಬೇಕಾಗಿದೆ ಎಂದು ತಿಳಿಯುತ್ತದೆ. ನಿಮ್ಮ ಲೈಬ್ರರಿಯ ಪರಿಚಯ ಕೊಡುವ ರೀಡ್‌ಮಿ ಕಡತದ ಮೊದಲ ಸಾಲಿನಲ್ಲಿ ಈಗ ಏನಿದೆ?

ಪ್ರಶ್ನೆ ಕೇಳಿದವರಿಂದ: ಹಳೇಅಚ್ಚು

ಎಲ್ಲರಿಗೂ ಧನ್ಯವಾದ. ಉತ್ತರಿಸಲು ಮೂರು ವಾರ ತಡವಾಯಿತು, ಕ್ಷಮೆಯಿರಲಿ.

ನೇರಳೆಮರ ಅವರೇ, ರೀಡ್‌ಮಿಯ ಮೊದಲ ಸಾಲಿನಲ್ಲಿ ‘ಸಕ್ರಿಯವಾಗಿ ನಿರ್ವಹಿಸಲಾಗುತ್ತಿದೆ’ ಎಂದಿತ್ತು. ಐದು ವರ್ಷ ಹಿಂದೆ ಬರೆದದ್ದು. ತೆಗೆದು, ‘ಬಿಡುವಾದಾಗ ಮಾತ್ರ, ಸಹನಿರ್ವಾಹಕರ ಹುಡುಕಾಟದಲ್ಲಿದೆ’ ಎಂದು ಬರೆದಿದ್ದೇನೆ.

ಇಬ್ಬರಿಗೂ ಪ್ರತ್ಯೇಕವಾಗಿ ಪತ್ರ ಬರೆದೆ. ಮೊದಲನೆಯವರಿಗೆ ಸಂತೆಪೇಟೆಯವರ ಪ್ರಶ್ನೆಯನ್ನೇ ಕೇಳಿದಾಗ ಬಂದ ಉತ್ತರ, ಹೆಚ್ಚುಕಡಿಮೆ ಅವರು ಊಹಿಸಿದಂತೆಯೇ ಇತ್ತು: ತಮ್ಮ ಕೋಡು ಹನ್ನೊಂದು ವಾರಗಳಿಂದ ಬಿಡುಗಡೆಯಾಗದೆ ಕೂತಿದೆ, ಒಬ್ಬ ಪ್ರಕಾಶಕರಿಗೆ ಮಾತು ಕೊಟ್ಟಿದ್ದಾರೆ. ಆ ಮುಜುಗರ ನನ್ನ ಪಾಲಿನದು. ಅವರಿಗೆ ಮರ್ಜ್ ಮಾಡುವ ಹಕ್ಕನ್ನು ಕೊಟ್ಟಿದ್ದೇನೆ, ತಮ್ಮ ಕೋಡನ್ನು ತಾವೇ ಮರ್ಜ್ ಮಾಡಬಾರದೆಂಬ ನಿಯಮ ನನಗೂ ಸೇರಿ ಎಲ್ಲರಿಗೂ ಅನ್ವಯಿಸುತ್ತದೆ. ‘ಬಿಟ್ಟುಕೊಡಿ’ ಎಂದು ಬರೆದಿದ್ದ ಬಳಕೆದಾರರ ಪರಿಚಯ ಇವರಿಬ್ಬರಿಗೂ ಇಲ್ಲವಂತೆ. ಆ ಖಾತೆಯಿಂದ ಮತ್ತೆ ಏನೂ ಬಂದಿಲ್ಲ.

ಎರಡನೆಯವರು ಒಂದು ವರ್ಷದ ಮಟ್ಟಿಗೆ ಒಪ್ಪಿದ್ದಾರೆ. ಬಿಡುಗಡೆಗೆ ಒಪ್ಪಿಗೆ ಕೊಡುವ ಇಬ್ಬರಲ್ಲಿ ಅವರೂ ಒಬ್ಬರು. ಆದರೆ ಒಪ್ಪುವ ಮೊದಲು ಅವರು ಒಂದು ಷರತ್ತು ಹಾಕಿದರು: ಬಿಡುಗಡೆ ಮಾಡುವ ವಿಧಾನವನ್ನು ಮೊದಲಿಂದ ಕೊನೆಯವರೆಗೆ ಬರೆದುಕೊಡಬೇಕು, ಅದನ್ನು ನೋಡಿಕೊಂಡು ತಾವೊಬ್ಬರೇ ಪ್ಯಾಕೇಜು ಕಟ್ಟಿ, ಹಿಂದಿನ ಆವೃತ್ತಿಗೆ ಹೋಲಿಸಿ ನೋಡುತ್ತೇನೆ ಎಂದರು. ಭಾನುವಾರ ಕೂತು ಬರೆದೆ, ಒಂಬತ್ತು ಹಂತಗಳಾದವು. ಅವರು ಕಟ್ಟಿದ ಪ್ಯಾಕೇಜಿನಲ್ಲಿ ಪರೀಕ್ಷೆಗಳು ನಾಲ್ಕು ಪದಗಳಲ್ಲಿ ಸೋತವು, ನನ್ನಲ್ಲಿ ಎಲ್ಲವೂ ಗೆದ್ದಿದ್ದವು. ಎರಡು ಸಂಜೆ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಹಳೆಯ ಸಂಕೇತದ ಅಕ್ಷರಪಟ್ಟಿಯ ಒಂದು ತಿದ್ದಿದ ಪ್ರತಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇತ್ತು, ನಾನು ಅದನ್ನು ರೆಪೊಸಿಟರಿಗೆ ಸೇರಿಸುವುದನ್ನೇ ಮರೆತಿದ್ದೆ. ಕಳೆದ ಮೂರು ಬಿಡುಗಡೆಗಳೂ ಅದರಿಂದಲೇ ಹೋಗಿವೆ. ಗೂಡುಗುಬ್ಬಿಯವರು ಹೇಳಿದ, ಕಾಣುವ ಕೋಡು ಒಂದು, ತಲುಪುವ ಕೋಡು ಇನ್ನೊಂದು ಎಂಬ ಸ್ಥಿತಿ ನನ್ನ ಮನೆಯಲ್ಲೇ ಇತ್ತು.

ನಿನ್ನೆ ಆ ಕಡತವನ್ನು ಸೇರಿಸಿ ಪುಲ್ ರಿಕ್ವೆಸ್ಟ್ ಕಳಿಸಿದ್ದೇನೆ. ಅದರಲ್ಲಿ ಎರಡು ಸಾಲುಗಳಿಗೆ ಅವರು ಕಾರಣ ಕೇಳಿದ್ದಾರೆ. ಇನ್ನೂ ಮರ್ಜ್ ಆಗಿಲ್ಲ.